ಸ್ಟೇರಿಂಗ್ ಇಲ್ಲದ ಸೀಟು

ನಮ್ಮನೆಯವರು ಸರ್ಕಾರಿ ಬಸ್ಸಿನ ಡ್ರೈವರು. ಹುಣಸೂರಿನಿಂದ ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ ಹೋಗುವ ರೂಟಿನಲ್ಲೇ ಅವರ ಅರ್ಧ ಆಯಸ್ಸು ಕಳೆದಿದೆ. ಎದುರಿನ ಗಾಡಿಯ ದೀಪ ಮೂಗಿನ ಹತ್ತಿರ ಬರುವವರೆಗೂ ಕಾಣದಂಥ ಮಂಜಿನಲ್ಲಿ ಐವತ್ತು ಜನರನ್ನು ಕೂರಿಸಿಕೊಂಡು ಘಾಟಿ ಹತ್ತಿ ಇಳಿದವರು. ಅಂಥವರು ವಿಮಾನಕ್ಕೆ ಹೆದರುತ್ತಾರೆ ಎಂದರೆ ಮೊದಮೊದಲು ನಾನೇ ನಂಬಿರಲಿಲ್ಲ.

ನಂಬಬೇಕಾಗಿ ಬಂದದ್ದು ಅವರ ಅಣ್ಣನ ಮಗನ ಮದುವೆಯ ಸಮಯದಲ್ಲಿ. ಮದುವೆ ಪುಣೆಯಲ್ಲಿತ್ತು. ಹೆಣ್ಣಿನ ಕಡೆಯವರು ಅನುಕೂಲಸ್ಥರು, ನಮ್ಮ ಕಡೆಯ ಹನ್ನೊಂದು ಜನಕ್ಕೂ ವಿಮಾನದ ಟಿಕೆಟ್ ಮಾಡಿಸಿ ಕಳಿಸಿದ್ದರು. ನಮ್ಮಲ್ಲಿ ಯಾರೂ ಅದುವರೆಗೆ ವಿಮಾನ ಹತ್ತಿದವರಲ್ಲ. ಬೆಂಗಳೂರಿನ ನಿಲ್ದಾಣದಲ್ಲಿ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡೆವು. ನಮ್ಮನೆಯವರು ಬೆಳಗಿನಿಂದ ಮಾತೇ ಆಡಿರಲಿಲ್ಲ. ವಿಮಾನದ ಬಾಗಿಲಿಗೆ ಸೇರಿಸಿದ, ಉದ್ದನೆಯ ಓಣಿಯಂಥ ದಾರಿಯಲ್ಲಿ ಉಳಿದವರೆಲ್ಲ ಮುಂದೆ ಹೋದರು. ಬಾಗಿಲು ಹತ್ತು ಹೆಜ್ಜೆ ಇರುವಾಗ ಇವರು ನಿಂತುಬಿಟ್ಟರು. ಮುಖದಲ್ಲಿ ರಕ್ತವಿರಲಿಲ್ಲ, ಅಂಗಿಯ ಬೆನ್ನು ಪೂರ್ತಿ ಒದ್ದೆಯಾಗಿತ್ತು.

"ನನ್ನ ಕೈಲಾಗಲ್ಲ ಕಣೆ," ಅಂದರು. ಅಷ್ಟೇ, ತಿರುಗಿ ನಡೆದರು.

ನಾನೂ ಅವರ ಹಿಂದೆಯೇ ನಡೆದೆ. ನಮ್ಮ ಬ್ಯಾಗು ಆಗಲೇ ವಿಮಾನದ ಹೊಟ್ಟೆ ಸೇರಿತ್ತು. ಅದನ್ನು ಹುಡುಕಿ ಇಳಿಸುವವರೆಗೆ ಒಳಗಿದ್ದವರೆಲ್ಲ ಕಾಯಬೇಕಾಯಿತು. ಅವರಲ್ಲಿ ನಮ್ಮ ಭಾವ, ವಾರಗಿತ್ತಿ, ನೆಂಟರು ಎಲ್ಲರೂ ಇದ್ದರು. ನಾವಿಬ್ಬರೂ ಬಸ್ಸು ಹಿಡಿದು ಊರಿಗೆ ವಾಪಸಾದೆವು. ಮೈಸೂರಿನವರೆಗೂ ಅವರು ಕೂರಲಿಲ್ಲ, ಡ್ರೈವರ್ ಪಕ್ಕದ ಕಂಬಿ ಹಿಡಿದು ನಿಂತೇ ಬಂದರು.

ಡಿಪೋದಲ್ಲಿ ಅವರಿಗೆ 'ಪೈಲಟ್' ಎಂದು ಹೆಸರು ಬಿತ್ತು. ಬಸ್‌ಸ್ಟ್ಯಾಂಡಿನ ಹೋಟೆಲಿನವನೂ 'ಪೈಲಟ್ ಸಾಹೇಬ್ರಿಗೆ ಒಂದು ಟೀ' ಎನ್ನತೊಡಗಿದ. ಅವರು ಯಾರಿಗೂ ತಿರುಗಿಸಿ ಒಂದು ಮಾತು ಹೇಳಲಿಲ್ಲ. ನನ್ನನ್ನು ಕಂಡವರು ಮಾತ್ರ ಪಾಪ ಎನ್ನುತ್ತಿದ್ದರು. ಗಂಡನ ದೆಸೆಯಿಂದ ಇವಳೂ ಮದುವೆ ತಪ್ಪಿಸಿಕೊಂಡಳು ಎಂದು. ಆ ಕನಿಕರವನ್ನು ನಾನು ಸುಮ್ಮನೆ ಕೇಳಿಸಿಕೊಂಡೆ. ಅದು ನಾನು ಮಾಡಿದ ತಪ್ಪು. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಮಗಿರುವುದು ಒಬ್ಬಳೇ ಮಗಳು, ಕಾಲೇಜಿನ ಪರೀಕ್ಷೆಯಿತ್ತೆಂದು ಅವಳು ಪುಣೆಗೆ ಹೊರಟಿರಲಿಲ್ಲ. ಚಿಕ್ಕಂದಿನಿಂದ ಓಟದಲ್ಲಿ ಮುಂದು. ಕಾಲುವೆ ಏರಿಯ ಮೇಲೆ ದಿನಾ ಬೆಳಿಗ್ಗೆ ಓಡುತ್ತಿದ್ದಳು. ಅಪ್ಪ ಡ್ಯೂಟಿಗೆ ಹೊರಡುವ ಮೊದಲು ಕೈಗಡಿಯಾರ ಹಿಡಿದುಕೊಂಡು ಏರಿಯ ಕೊನೆಯಲ್ಲಿ ನಿಲ್ಲುತ್ತಿದ್ದರು. ಡಿಗ್ರಿ ಮುಗಿದ ಮೇಲೆ ಕೇಂದ್ರದ ಪೊಲೀಸ್ ಪಡೆಯ ಪರೀಕ್ಷೆ ಬರೆದಳು, ದೇಹದಾರ್ಢ್ಯ ಪರೀಕ್ಷೆಯಲ್ಲೂ ಗೆದ್ದಳು. ತರಬೇತಿಗೆ ಉತ್ತರದ ಕಡೆ ಹಾಕಿದರು. ದೆಹಲಿಯಲ್ಲಿ ಇಳಿದು ಮತ್ತೆ ಬಸ್ಸಿನಲ್ಲಿ ಆರು ಗಂಟೆ ಹೋಗಬೇಕಾದ ಊರು. ಹೋದವಳು ಹನ್ನೊಂದು ತಿಂಗಳು ಮನೆಗೆ ಬಂದಿರಲಿಲ್ಲ.

ಪುಣೆ ಮದುವೆಯಾಗಿ ಎರಡು ವರ್ಷದ ಮೇಲೆ ಒಂದು ಸಂಜೆ ಅವಳ ಫೋನು ಬಂತು. ಇನ್ನು ಹದಿನೆಂಟು ದಿನಕ್ಕೆ ತರಬೇತಿ ಮುಗಿಯುತ್ತದೆ, ಕೊನೆಯ ದಿನ ಪೆರೇಡ್ ಇದೆ, ಮನೆಯವರನ್ನು ಕರೆದಿದ್ದಾರೆ ಎಂದಳು. ಅಪ್ಪನಿಗೆ ಕಷ್ಟ ಅಂತ ಗೊತ್ತು, ನೀನು ಯಾರ ಜೊತೆಗಾದರೂ ಬರೋದಕ್ಕಾಗುತ್ತಾ ನೋಡು ಎಂದು ಮೆಲ್ಲಗೆ ಸೇರಿಸಿದಳು. ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಕೂತು ಕಡಲೆಕಾಯಿ ಬಿಡಿಸುತ್ತಿದ್ದ ಅವರ ಕೈ ನಿಂತಿತು. ಮಗಳಿಗೆ ಅದು ಗೊತ್ತಾಗಲಿಲ್ಲ.

ರೈಲಿನಲ್ಲಿ ಹೋಗಿಬರುವುದಕ್ಕೇ ಆರೇಳು ದಿನ ಬೇಕು. ನಾನು ಕಟ್ಟೆಮಳಲವಾಡಿ ಕಡೆಯ ಒಂದು ಅಂಗನವಾಡಿಯಲ್ಲಿ ಕಾರ್ಯಕರ್ತೆ. ಪೆರೇಡಿನ ಮರುವಾರವೇ ಮಕ್ಕಳಿಗೆ ಪೋಲಿಯೊ ಹನಿ ಹಾಕುವ ಕೆಲಸವಿತ್ತು, ಮೇಲ್ವಿಚಾರಕಿ ನಾಲ್ಕು ದಿನಕ್ಕಿಂತ ಹೆಚ್ಚು ರಜೆ ಕೊಡುವ ಹಾಗಿರಲಿಲ್ಲ. ನಮ್ಮನೆಯವರಿಗೂ ಸಿಗುವುದು ಅಷ್ಟೇ. ಊಟವಾದ ಮೇಲೆ ತಟ್ಟೆ ಎತ್ತುವ ಮೊದಲೇ ಹೇಳಿಬಿಟ್ಟೆ.

"ವಿಮಾನಕ್ಕೆ ಎರಡು ಟಿಕೆಟ್ ಮಾಡಿಸ್ತೀನಿ ಕಣ್ರೀ. ನೀವು ಬಂದ್ರೆ ಇಬ್ರೂ ಹೋಗೋಣ. ಬಾಗ್ಲಲ್ಲಿ ನಿಂತ್ಕಂಡ್ರೆ ನಾನೊಬ್ಳೇ ಒಳಗೆ ಹೋಗ್ತೀನಿ. ಈ ಸಲ ನಾನು ನಿಮ್ಮ ಜೊತೆ ತಿರುಗಿ ಬರಲ್ಲ."

ಅವರು ಎದ್ದು ಹೋಗಿ ಜಗಲಿಯ ಮೇಲೆ ಕೂತರು. ಮದುವೆಯಾದಾಗಿನಿಂದ ಅವರಿಗೆ ಅಷ್ಟು ಗಟ್ಟಿಯಾಗಿ ನಾನು ಯಾವ ಮಾತನ್ನೂ ಹೇಳಿರಲಿಲ್ಲ. ಬೆಳಿಗ್ಗೆ ಡ್ಯೂಟಿ ಬಟ್ಟೆ ಹಾಕಿಕೊಂಡು ಬಾಗಿಲಲ್ಲಿ ನಿಂತು, ನನ್ನ ಮುಖ ನೋಡದೆ ಕೇಳಿದರು: "ಈಗ ನಾನೇನು ಮಾಡ್ಬೇಕು ಅದ ಹೇಳು."

ಏನು ಮಾಡಬೇಕು ಎಂದು ನನಗೂ ಗೊತ್ತಿರಲಿಲ್ಲ. ಆದರೆ ಹೆದರಿದವರನ್ನು ನೋಡಿ ಗೊತ್ತಿತ್ತು. ಜೂನ್ ಬಂತೆಂದರೆ ನಮ್ಮ ಅಂಗನವಾಡಿಯ ಹೊಸ್ತಿಲಲ್ಲಿ ಅಳುವ ಮಕ್ಕಳದೇ ರಾಶಿ. ಮೊದಲ ವರ್ಷಗಳಲ್ಲಿ ನಾನು ಅವುಗಳನ್ನು ಎತ್ತಿಕೊಂಡು ಒಳಗೆ ತಂದು ಬಾಗಿಲು ಹಾಕುತ್ತಿದ್ದೆ. ಅವು ಮಾರನೆಯ ದಿನ ಇನ್ನೂ ಜೋರಾಗಿ ಅಳುತ್ತಿದ್ದವು. ಅಳು ಕೇಳಲಾರದೆ ತಾಯಿ ಓಡಿಬಂದು ಮನೆಗೆ ಕರೆದುಕೊಂಡು ಹೋದರಂತೂ ಮುಗಿಯಿತು, ಆ ಮಗು ಒಂದು ತಿಂಗಳು ಬರುತ್ತಿರಲಿಲ್ಲ. ನಿಧಾನವಾಗಿ ಕಲಿತೆ. ಅಳುವ ಮಗುವಿಗೆ ಏನೂ ಆಗಲ್ಲ ಎಂದು ಹೇಳಬಾರದು, ಅದು ನಂಬುವುದಿಲ್ಲ. ಎಳೆಯಬಾರದು. ಆದರೆ ವಾಪಸ್ಸೂ ಕಳಿಸಬಾರದು. ಹೊಸ್ತಿಲ ಹತ್ತಿರವೇ ಜೊತೆಗೆ ಕೂತುಕೊಳ್ಳಬೇಕು, ಅಳು ತಾನಾಗಿ ಇಳಿಯುವವರೆಗೆ.

ಹುಣಸೂರಿನ ಒಬ್ಬರು ಡಾಕ್ಟರಮ್ಮನ ಹತ್ತಿರವೂ ಹೋದೆವು. ಮಾತ್ರೆ ಬರೆದುಕೊಟ್ಟರೆ ಸುಲಭ ಎಂದು ನಾನು ಯೋಚಿಸಿದ್ದೆ. ಮಂಪರು ಬರುವ ಮಾತ್ರೆ ಬೇಡ ಎಂದು ಇವರೇ ಹೇಳಿದರು. ಡ್ರೈವರಿಗೆ ಅದರ ಅಭ್ಯಾಸ ಒಳ್ಳೆಯದಲ್ಲ ಎಂಬುದು ಅವರ ಲೆಕ್ಕ. ಡಾಕ್ಟರಮ್ಮ ನಕ್ಕು, ಹಾಗಾದರೆ ಒಂದು ಮಾತು ಕೇಳಿ ಎಂದರು. ಹೆದರಿಕೆ ಜ್ವರದ ಹಾಗೆ ಏರುತ್ತದೆ, ಏರಿದ್ದು ಇಳಿಯಲೇಬೇಕು. ಏರಿದಾಗ ಎದ್ದು ಓಡಿಬಿಟ್ಟರೆ ಅದು ಇಳಿಯುತ್ತದೆ ಎಂಬುದೇ ಮೈಗೆ ಗೊತ್ತಾಗುವುದಿಲ್ಲ. ಇಳಿಯುವವರೆಗೂ ಅಲ್ಲೇ ಇರಿ, ಚಿಕ್ಕಚಿಕ್ಕದರಲ್ಲಿ ಅಭ್ಯಾಸ ಮಾಡಿ ಎಂದರು. ನನ್ನ ಹೊಸ್ತಿಲಿನ ಪಾಠವೂ ಅದೇ ಆಗಿತ್ತು. ನನಗೆ ಧೈರ್ಯ ಬಂತು.

ಆದರೆ ಯಾತರ ಹೆದರಿಕೆ? ಎತ್ತರದ್ದಲ್ಲ. ಅವರು ತೆಂಗಿನ ಮರ ಹತ್ತುತ್ತಾರೆ. ನಮ್ಮೂರಿನಲ್ಲಿ ಹೊಗೆಸೊಪ್ಪು ಬೇಯಿಸುವ ಎತ್ತರದ ಬ್ಯಾರನ್ನಿನಲ್ಲಿ ತೊಲೆಯಿಂದ ತೊಲೆಗೆ ಕಾಲಿಟ್ಟು ಮೇಲಿನ ಸಾಲಿಗೆ ಸೊಪ್ಪು ಕಟ್ಟಿದ ಕಡ್ಡಿ ಏರಿಸುವುದನ್ನು ನಾನೇ ನೋಡಿದ್ದೇನೆ. ಡಾಕ್ಟರಮ್ಮನ ಹತ್ತಿರದಿಂದ ವಾಪಸು ಬರುವಾಗ ಸೇತುವೆಯ ಮೇಲೆ ಸ್ಕೂಟರ್ ನಿಲ್ಲಿಸಲು ಹೇಳಿ ಕೇಳಿದೆ. ಕೆಳಗೆ ಲಕ್ಷ್ಮಣತೀರ್ಥದಲ್ಲಿ ನೀರು ಕಡಿಮೆಯಿತ್ತು. ಅದನ್ನೇ ನೋಡುತ್ತ ಹೇಳಿದರು.

ಮಗಳು ಹುಟ್ಟುವ ವರ್ಷ ಅವರು ನೆಂಟರ ಜೊತೆ ಸಾಲಿಗ್ರಾಮದ ಕಡೆ ಒಂದು ಮದುವೆಗೆ ಹೋಗಿದ್ದರು. ನಾನು ಹೆರಿಗೆಗೆ ತವರಿನಲ್ಲಿದ್ದೆ. ಬರುವಾಗ ಬಾಡಿಗೆ ಟೆಂಪೊ ಕಾಲುವೆಗೆ ಬಿದ್ದಿತ್ತು. ಯಾರ ಜೀವಕ್ಕೂ ಏನೂ ಆಗಲಿಲ್ಲ, ಅವರ ತಮ್ಮನ ಕಾಲು ಮುರಿಯಿತು, ಇವತ್ತಿಗೂ ಕುಂಟುತ್ತಾನೆ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಇವರು ಕೊನೆಯ ಸೀಟಿನಲ್ಲಿ ಕೂತಿದ್ದರಂತೆ. ಮುಂದಿನ ಕನ್ನಡಿಯಲ್ಲಿ ಆ ಟೆಂಪೊ ಡ್ರೈವರನ ಕಣ್ಣು ಮುಚ್ಚಿ ಮುಚ್ಚಿ ತೆಗೆಯುವುದು ಇವರಿಗೆ ಕಾಣುತ್ತಿತ್ತು. ಇವರು ಕೂಗಿದ್ದಾರೆ, ಒಳಗೆ ಹಾಡು ಹಾಕಿದ್ದರು, ಹೆಂಗಸರು ಮಾತಾಡುತ್ತಿದ್ದರು. ಎದ್ದು ಮುಂದೆ ಹೋಗೋಣವೆಂದರೆ ದಾರಿಯಲ್ಲಿ ಪಾತ್ರೆಪಗಡಿ, ಮಲಗಿದ ಮಕ್ಕಳು.

"ಗಾಡಿ ಬೀಳೋದು ಒಂದು ನಿಮಿಷ ಮೊದ್ಲೇ ನಂಗೆ ಗೊತ್ತಾಯ್ತು. ಕಾಲಲ್ಲಿ ಬ್ರೇಕ್ ಇರ್ಲಿಲ್ಲ, ಕೈಲಿ ಸ್ಟೇರಿಂಗ್ ಇರ್ಲಿಲ್ಲ," ಎಂದರು. "ಓಡಿಸೋನು ಯಾರು ಅಂತ ಕಾಣ್ದೇ ಇದ್ರೆ ನನ್ನ ಕೈಲಿ ಕೂರಕ್ಕಾಗಲ್ಲ ಕಣೆ. ಆ ವಿಮಾನದಾಗೆ ಅವನಿಗೂ ನನಗೂ ನಡುವೆ ಒಂದು ಬಾಗಿಲೇ ಮುಚ್ಚಿಬುಡ್ತಾರೆ."

ಇಪ್ಪತ್ತಮೂರು ವರ್ಷ ಒಂದೇ ಮನೆಯಲ್ಲಿದ್ದೂ ಇದನ್ನು ನಾನು ಕೇಳಿರಲಿಲ್ಲ. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರು ಯಾವಾಗಲೂ ಮುಂದೆ ನಿಲ್ಲುವುದು ಡ್ರೈವರುಗಳ ಗೆಳೆತನ ಎಂದುಕೊಂಡಿದ್ದೆ.

ಮರುದಿನದಿಂದಲೇ ಶುರು ಮಾಡಿದೆವು. ಅಭ್ಯಾಸಕ್ಕೆ ವಿಮಾನ ಎಲ್ಲಿಂದ ತರುವುದು? ಬಸ್ಸಿಗೆ ಬರವಿರಲಿಲ್ಲ. ಅವರ ಬೆಳಗಿನ ಪಾಳಿ ಮುಗಿಯುವುದೂ ನನ್ನ ಮಕ್ಕಳು ಮನೆಗೆ ಹೋಗುವುದೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ. ಮೊದಲ ದಿನ ಪಿರಿಯಾಪಟ್ಟಣದ ಬಸ್ಸು ಹತ್ತಿ, ನಡುವಿನ ಸೀಟಿನಲ್ಲಿ ಕೂತೆವು. ಎದುರು ಎರಡು ಸಾಲು ಜನ ನಿಂತಿದ್ದರು, ಡ್ರೈವರ್ ಕಾಣುತ್ತಿರಲಿಲ್ಲ. ಬಸ್ಸು ಊರು ದಾಟುವ ಹೊತ್ತಿಗೆ ಅವರ ಬಲಗಾಲು ನೆಲವನ್ನು ಒತ್ತತೊಡಗಿತು. ಪ್ರತಿ ತಿರುವಿಗೂ ಒತ್ತುತ್ತಿದ್ದರು. ಕಂಪಲಾಪುರ ಬಂದಾಗ ಎದ್ದು ಇಳಿದೇಬಿಟ್ಟರು. ನಾನೂ ಇಳಿದೆ. ರಸ್ತೆಯಂಚಿನ ಅಂಗಡಿಯ ಬೆಂಚಿನ ಮೇಲೆ ಕೂತು, ಮುಖ ತೊಳೆದುಕೊಂಡು, ಎದುರಿನಿಂದ ಬರುತ್ತಿದ್ದ ಹುಣಸೂರು ಬಸ್ಸಿಗೆ ಕೈ ಎತ್ತಿದರು. ನಾನು ಆ ಕೈಯನ್ನು ಹಿಡಿದು ಇಳಿಸಿದೆ. ಮುಂದಕ್ಕೆ ಹೋಗುವ ಬಸ್ಸನ್ನೇ ಹತ್ತೋಣ ಎಂದೆ. ಮುಕ್ಕಾಲು ಗಂಟೆ ಕಾದೆವು. ಆಮೇಲೆ ಬಂದ ಬಸ್ಸಿನಲ್ಲಿ ಪಿರಿಯಾಪಟ್ಟಣ ಮುಟ್ಟಿದೆವು. ಇಳಿದಾಗ ಅವರು ಕೆಲಸ ಮಾಡಿ ದಣಿದವರ ಹಾಗೆ ಕಾಣುತ್ತಿದ್ದರು. ಆದರೆ ಮುಟ್ಟಿದ್ದೆವು.

ಮೂರನೆಯ ಸಲ ಕೆ.ಆರ್. ನಗರಕ್ಕೆ ಹೋದೆವು. ಬಲಗಾಲಿನ ಕಾಟಕ್ಕೆ ನಾನೊಂದು ಉಪಾಯ ಹುಡುಕಿದ್ದೆ. ಚಪ್ಪಲಿ ಬಿಚ್ಚಿಸಿ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿಸಿ ಕೂರಿಸಿದೆ. ಕಾಲು ನೆಲಕ್ಕೆ ಸಿಗದಿದ್ದರೆ ಒತ್ತುವುದಾದರೂ ಏನನ್ನು? ಅವರಿಗೆ ನಾಚಿಕೆಯಾಯಿತು, ಆದರೂ ಕೂತರು. ಕಿಟಕಿಯಾಚೆ ಗದ್ದೆಗಳಲ್ಲಿ ನಾಟಿ ನಡೆದಿತ್ತು. ಅವರ ಹಣೆಯಲ್ಲಿ ಬೆವರು ಮೂಡುವುದು, ಆಮೇಲೆ ಗಾಳಿಗೆ ಆರುವುದು, ಮತ್ತೆ ಮೂಡುವುದು. ನಾನು ಅದನ್ನು ನೋಡುತ್ತ ಕೂತಿದ್ದವಳು, ಎರಡು ವರ್ಷದಿಂದ ಬಾಯಿಗೆ ಬಂದು ನಿಲ್ಲುತ್ತಿದ್ದ ಮಾತನ್ನು ಅಲ್ಲೇ ಹೇಳಿದೆ. ಅವತ್ತು ನೀವು ವಿಮಾನದ ಬಾಗಿಲಲ್ಲಿ ತಿರುಗಿದಾಗ ನನಗೆ ಸಿಟ್ಟು ಬರಲಿಲ್ಲ, ಬದುಕಿದೆ ಅನ್ನಿಸಿತು. ನನಗೂ ಹೆದರಿಕೆಯಾಗಿತ್ತು. ನೀವು ಒಂದು ಕ್ಷಣ ತಡ ಮಾಡಿದ್ದರೆ ನಾನೇ ತಿರುಗುತ್ತಿದ್ದೆನೋ ಏನೋ. ಊರೆಲ್ಲ ನಿಮ್ಮನ್ನು ಆಡಿಕೊಂಡಾಗ ನಾನು ಬಾಯಿ ಬಿಡಲಿಲ್ಲ ಎಂದೆ.

ಅವರು ನನ್ನ ಕಡೆ ತಿರುಗಿ ನೋಡಿದರು. ಸಿಟ್ಟಾಗುತ್ತಾರೆ ಎಂದು ಕಾದೆ. "ಅಂಗಾದ್ರೆ ಇಬ್ರೂ ಪುಕ್ಲರೇ ಅನ್ನು," ಎಂದರು. ಮಗಳ ಫೋನು ಬಂದ ಮೇಲೆ ಅವರು ನಕ್ಕಿದ್ದು ಅದೇ ಮೊದಲು. ನಾವು ಮಾತಾಡುತ್ತಿದ್ದಾಗ ಬಸ್ಸು ಎರಡು ದೊಡ್ಡ ತಿರುವು ದಾಟಿತ್ತು. ಅವರು ಅದನ್ನು ಗಮನಿಸಿರಲಿಲ್ಲ.

ಅವತ್ತಿನಿಂದ ಕೆಲಸ ಸುಲಭವಾಯಿತು ಎಂದರೆ ಸುಳ್ಳಾಗುತ್ತದೆ. ಎಚ್.ಡಿ. ಕೋಟೆಯ ಬಸ್ಸಿನಲ್ಲಿ ಹಿಂದಿನ ಉದ್ದ ಸೀಟು ಆರಿಸಿಕೊಂಡೆವು, ಟೆಂಪೊದಲ್ಲಿ ಅವರು ಕೂತಿದ್ದಂಥ ಜಾಗ. ರಸ್ತೆ ಕಿತ್ತುಹೋಗಿದ್ದ ಕಡೆ ಬಸ್ಸು ನಮ್ಮನ್ನು ಎತ್ತಿ ಎತ್ತಿ ಹಾಕುತ್ತಿತ್ತು. ಕಂಡಕ್ಟರ್ ಅವರ ಜೊತೆಯವನೇ. ಪೈಲಟ್ ಸಾಹೇಬ್ರು ಹಿಂದ್ಗಡೆ ಯಾಕೆ ಕೂತವ್ರೆ ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದ. ಹತ್ತಾರು ತಲೆ ತಿರುಗಿದವು. ಇಷ್ಟು ದಿನ ಸುಮ್ಮನಿದ್ದವರು ಅವತ್ತು ಉತ್ತರ ಕೊಟ್ಟರು.

"ವಿಮಾನ ಹತ್ತಬೇಕು ಕಣಪ್ಪ, ಮಗಳ ಪೆರೇಡಿಗೆ. ನಂಗೆ ಭಯ ಅದೆ. ಅದಕ್ಕೆ ಅಭ್ಯಾಸ ಮಾಡ್ತಾ ಇವ್ನಿ."

ಕಂಡಕ್ಟರ್ ಬಂದು ಪಕ್ಕದಲ್ಲಿ ಕೂತು, ಯಾವ ಊರು, ಯಾವತ್ತು ಎಂದೆಲ್ಲ ವಿಚಾರಿಸಿದ. ಕೋಟೆ ಬರುವವರೆಗೂ ಎದ್ದು ಹೋಗಲಿಲ್ಲ. ಅದಾದ ಮೇಲೆ ಡಿಪೋದಲ್ಲಿ ಪೈಲಟ್ ಎನ್ನುವುದು ನಿಂತಿತೆಂದು ಹೇಳಲಾರೆ. ಆದರೆ ರಜೆಯ ನಾಲ್ಕು ದಿನವೂ ಅವರ ರೂಟನ್ನು ನಾವೇ ಹಂಚಿಕೊಳ್ಳುತ್ತೇವೆ ಎಂದು ಜೊತೆಯ ಡ್ರೈವರುಗಳು ಮ್ಯಾನೇಜರಿಗೆ ಹೇಳಿದರು.

ಅವರಿಗೆ ವಾರದ ರಜೆಯಿದ್ದ ಒಂದು ದಿನ ಮೈಸೂರಿಗೆ ಹೋಗಿ, ನಂಜನಗೂಡು ರಸ್ತೆಯಲ್ಲಿರುವ ವಿಮಾನ ನಿಲ್ದಾಣದ ಬೇಲಿಯಾಚೆ ನಿಂತೆವು. ಅಲ್ಲಿಗೆ ಬರುವುದು ದಿನಕ್ಕೆ ಒಂದೋ ಎರಡೋ ಚಿಕ್ಕ ವಿಮಾನ. ಬಿಸಿಲಲ್ಲಿ ಎರಡು ಗಂಟೆ ನಿಂತ ಮೇಲೆ ಒಂದು ಬಂತು. ಇಳಿದಾಗ ಚಕ್ರದಿಂದ ಹೊಗೆ ಎದ್ದಿದ್ದನ್ನು ಅವರು ನೋಡಿದರು, ಇಷ್ಟು ದೂರದಲ್ಲಿ ನಿಂತಿತು ಎಂದು ಕಣ್ಣಳತೆ ಮಾಡಿದರು. ಬ್ರೇಕು ಚೆನ್ನಾಗಿದೆ ಎಂದರು.

ಹೊರಡುವ ದಿನ ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟೆವು, ವಿಮಾನ ಮಧ್ಯಾಹ್ನ ಮೂರಕ್ಕಿತ್ತು. ಅವರು ತಿಂಡಿ ಮುಟ್ಟಲಿಲ್ಲ. ಬೆಂಗಳೂರಿಗೆ ಹೋಗುವ ಬಸ್ಸಿನಲ್ಲಿ ಐದನೆಯ ಸಾಲಿನಲ್ಲಿ ಕೂತು, ಕಣ್ಣು ಮುಚ್ಚಿ, ಡಾಕ್ಟರಮ್ಮ ಹೇಳಿದ ಹಾಗೆ ಉಸಿರು ಎಳೆದು ಬಿಡುತ್ತಿದ್ದರು. ನಿಲ್ದಾಣದಲ್ಲಿ ತಪಾಸಣೆ ಮಾಡುವವನು ಬೆಲ್ಟು ಬಿಚ್ಚಿ ಎಂದಾಗ ಅವರು ಎರಡು ಸಲ ಎಳೆದರೂ ಬಕಲ್ಲು ಬಿಚ್ಚಿಕೊಳ್ಳಲಿಲ್ಲ. ನಾನು ಕೈ ಚಾಚಿದೆ. ಬೇಡವೆಂದು ತಲೆಯಾಡಿಸಿ ತಾವೇ ಬಿಚ್ಚಿದರು.

ಮತ್ತೆ ಅದೇ ಓಣಿಯಂಥ ದಾರಿ. ಬಾಗಿಲು ಕಾಣಿಸಿದ ಕೂಡಲೇ ಅವರು ನಿಂತರು. ನಾನೂ ನಿಂತೆ. ಹಿಂದಿನವರನ್ನೆಲ್ಲ ಮುಂದೆ ಬಿಟ್ಟೆವು. ಒಬ್ಬೊಬ್ಬರಾಗಿ ಹೋದರು, ಮಕ್ಕಳು ಹೋದರು, ಗಾಲಿಕುರ್ಚಿಯಲ್ಲಿ ಒಬ್ಬ ಅಜ್ಜಿ ಹೋಯಿತು. ಕೊನೆಗೆ ನಾವಿಬ್ಬರೇ ಉಳಿದೆವು. ಬಾಗಿಲಲ್ಲಿದ್ದ ಹುಡುಗಿ ಕೈಸನ್ನೆ ಮಾಡಿ ಕರೆದಳು. ಅವರ ಅಂಗಿಯ ಬೆನ್ನು ಆಗಲೇ ಒದ್ದೆಯಾಗಿತ್ತು. ಏನೂ ಆಗಲ್ಲ ಎಂದು ನಾನು ಹೇಳಲಿಲ್ಲ, ಕೈ ಹಿಡಿದು ಎಳೆಯಲೂ ಇಲ್ಲ.

"ನಾನು ಹೋಗ್ತೀನಿ," ಎಂದೆ. "ನಿಮ್ಮ ಸೀಟು ನನ್ನ ಪಕ್ಕದ್ದು."

ಹೇಳಿ ನಡೆದೆ. ತಿರುಗಿ ನೋಡಬಾರದು ಎಂದು ಗಟ್ಟಿ ಮಾಡಿಕೊಂಡಿದ್ದೆ. ಆ ಹತ್ತು ಹೆಜ್ಜೆಯಷ್ಟು ಕಷ್ಟದ್ದನ್ನು ನಾನು ನನ್ನ ಜೀವಮಾನದಲ್ಲಿ ನಡೆದಿಲ್ಲ. ಒಳಗೆ ಹೋಗಿ, ಸೀಟು ಹುಡುಕಿ, ನಡುವಿನದರಲ್ಲಿ ಕೂತೆ. ಕಿಟಕಿಯ ಪಕ್ಕ ಒಬ್ಬ ಹುಡುಗಿ ಕೂತು ಫೋನು ನೋಡುತ್ತಿದ್ದಳು. ಈ ಕಡೆಯ ಸೀಟು ಖಾಲಿ. ನಾನು ಎದುರಿನ ಸೀಟಿನ ಬೆನ್ನನ್ನೇ ನೋಡುತ್ತ, ಅವರು ಬರದಿದ್ದರೆ ದೆಹಲಿಯಲ್ಲಿ ಬಸ್ಸು ಹುಡುಕುವುದು ಹೇಗೆ, ಹಿಂದಿಯಲ್ಲಿ ಏನೆಂದು ಕೇಳುವುದು ಎಂದೆಲ್ಲ ಲೆಕ್ಕ ಹಾಕುತ್ತಿದ್ದೆ. ಕಣ್ಣಲ್ಲಿ ನೀರು ಬಂತು. ಆದರೂ ಏಳಲಿಲ್ಲ. ಆಮೇಲೆ ಯಾರೋ ಪಕ್ಕದಲ್ಲಿ ಧಪ್ಪನೆ ಕೂತರು. ಅವರೇ. ಮುಖ ಬೂದಿಯ ಬಣ್ಣ.

ಬಾಗಿಲು ಮುಚ್ಚಿದ ಶಬ್ದ ಕೇಳಿಸಿತು. ಅವರು ಗಟ್ಟಿಯಾಗಿ ಕಣ್ಣು ಮುಚ್ಚಿ, ಬಾಗಿಲು ಹಾಕಿದರು ಎಂದರು. ಹೌದು, ಹಾಕಿದರು, ಇನ್ನು ಮೂರು ಗಂಟೆ ತೆಗೆಯಲ್ಲ ಎಂದೆ ನಾನು. ಸುಳ್ಳು ಹೇಳಿ ಏನು ಪ್ರಯೋಜನ? ವಿಮಾನ ಓಡತೊಡಗಿದಾಗ ಅವರು ಶೂ ಬಿಚ್ಚಿ, ಹೇಗೋ ಮಾಡಿ ಎರಡೂ ಕಾಲನ್ನು ಸೀಟಿನ ಮೇಲೆ ಮಡಚಿಕೊಂಡರು. ಕಿಟಕಿಯ ಪಕ್ಕದ ಹುಡುಗಿ ಆಶ್ಚರ್ಯದಿಂದ ನೋಡಿದಳು. ವಿಮಾನ ನೆಲ ಬಿಟ್ಟಿತು. ಆಗ ನಾನು ಅವರ ಕೈ ಹಿಡಿದೆನೋ ಅವರು ನನ್ನ ಕೈ ಹಿಡಿದರೋ ಹೇಳಲಾರೆ, ಬಿಡಿಸಿಕೊಂಡಾಗ ಇಬ್ಬರ ಕೈಯಲ್ಲೂ ಉಗುರಿನ ಗುರುತಿತ್ತು.

ಒಂದು ಗಂಟೆಯಾದ ಮೇಲೆ ಮೋಡದೊಳಗೆ ಹೊಕ್ಕು ವಿಮಾನ ಕುಲುಕತೊಡಗಿತು. ಅವರ ಉಸಿರು ಮೇಲೆ ಮೇಲೆ ಹೋಯಿತು. ಎದ್ದು ನಿಲ್ಲಲು ಬೆಲ್ಟಿಗೆ ಕೈ ಹಾಕಿದರು. ಕೋಟೆ ಬಸ್ಸು ಇದಕ್ಕಿಂತ ಹೆಚ್ಚು ಎತ್ತಿಹಾಕಿತ್ತು ಎಂದೆ. ಅವರು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಅಷ್ಟರಲ್ಲಿ ಗಗನಸಖಿ ಬೆಲ್ಟು ನೋಡಿಕೊಂಡು ಬಂದಳು. ನಮ್ಮ ಮಾತು ಕೇಳಿ, ಏನಾಯ್ತು ಅಂಕಲ್ ಎಂದು ಕನ್ನಡದಲ್ಲೇ ಕೇಳಿದಳು. ಅವರು ಕಣ್ಣು ತೆರೆಯದೆ ಕೇಳಿದರು: "ಓಡಿಸ್ತಾ ಇರೋರು ಯಾರಮ್ಮ? ನಿದ್ದೆಗಿದ್ದೆ ಆಗಿದೆ ತಾನೆ ಅವರಿಗೆ?"

ಅವಳು ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಅವಳನ್ನು ನೆನೆಯುತ್ತೇನೆ. ಮಂಡಿಯೂರಿ ಅವರ ಪಕ್ಕದಲ್ಲಿ ಕೂತು ಹೇಳಿದಳು. ಮುಂದೆ ಇಬ್ಬರಿದ್ದಾರೆ. ಇಬ್ಬರಿಗೂ ಪೂರ್ತಿ ಓಡಿಸಲು ಬರುತ್ತದೆ, ಇಬ್ಬರ ಎದುರಿಗೂ ಎಲ್ಲ ಸಾಮಾನೂ ಇದೆ. ಒಬ್ಬರು ಬಹಳ ವರ್ಷದ ಅನುಭವಸ್ಥರು, ಇನ್ನೊಬ್ಬರು ಹೆಣ್ಣುಮಗಳು. ಡ್ಯೂಟಿ ಇಷ್ಟು ಗಂಟೆಗಿಂತ ಹೆಚ್ಚು ಮಾಡುವ ಹಾಗಿಲ್ಲ, ನಡುವೆ ವಿಶ್ರಾಂತಿ ತೆಗೆದುಕೊಂಡೇ ಬರಬೇಕು. ನಮ್ಮನೆಯವರು ಈಗ ಕಣ್ಣು ತೆರೆದರು. ಇಬ್ಬರ ಎದುರಿಗೂ ಸ್ಟೇರಿಂಗ್ ಇದೆಯಾ ಎಂದು ಕೇಳಿದರು. ಇದೆ ಅಂಕಲ್ ಎಂದಳು. ಡ್ಯೂಟಿ, ವಿಶ್ರಾಂತಿ ಎಂಬುದನ್ನೆಲ್ಲ ಅವರು ಮತ್ತೊಮ್ಮೆ ಕೇಳಿ ತಿಳಿದುಕೊಂಡರು. ಒಬ್ಬ ಡ್ರೈವರು ಇನ್ನೊಬ್ಬ ಡ್ರೈವರನ ಬಗ್ಗೆ ವಿಚಾರಿಸುವ ಹಾಗೆ. ಕುಲುಕಾಟ ನಿಂತಿರಲಿಲ್ಲ, ಆದರೆ ಅವರ ಕೈ ಬೆಲ್ಟು ಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ನೀರು ಕೇಳಿ ಕುಡಿದರು. ನಾನು ಕಟ್ಟಿಕೊಂಡು ಹೋಗಿದ್ದ ಚಪಾತಿ ತಿಂದರು. ಹೆದರಿಕೆ ಏರಿತ್ತು, ಅವರು ಓಡಲಿಲ್ಲ, ಅದು ಇಳಿಯಿತು. ಓಡಲು ಅಲ್ಲಿ ಜಾಗವೂ ಇರಲಿಲ್ಲ ಅನ್ನಿ.

ದೆಹಲಿಯಲ್ಲಿ ಇಳಿದು ನೆಂಟರ ಪರಿಚಯದವರೊಬ್ಬರ ಮನೆಯಲ್ಲಿ ಉಳಿದು, ಮಾರನೆಯ ದಿನ ಬಸ್ಸು ಹಿಡಿದೆವು. ಪೆರೇಡಿನ ದಿನ ಬೆಳಿಗ್ಗೆ ತರಬೇತಿ ಕೇಂದ್ರದ ಗೇಟಿಗೆ ಹೋದಾಗ ನಾವು ಎಣಿಸಿರದ ಒಂದು ಕಷ್ಟ ಎದುರಾಯಿತು. ಕಾವಲಿನವನ ಪಟ್ಟಿಯಲ್ಲಿ ನನ್ನ ಹೆಸರೊಂದೇ ಇತ್ತು. ಬರುವವರ ಹೆಸರನ್ನು ಮಗಳು ಮೊದಲೇ ಬರೆದುಕೊಡಬೇಕಿತ್ತಂತೆ. ಅಪ್ಪ ಬರುವುದಿಲ್ಲವೆಂದುಕೊಂಡು ತಾಯಿ ಎಂದಷ್ಟೇ ಬರೆದಿದ್ದಳು. ನಾವು ಅವಳಿಗೆ ಹೇಳಿರಲಿಲ್ಲ. ಹೇಳಬೇಡ, ಆಗದಿದ್ದರೆ ಇನ್ನೊಂದು ಸಲ ಅವಳಿಗೆ ಬೇಜಾರಾಗುವುದು ಬೇಡ ಎಂದು ಇವರೇ ನನ್ನ ಬಾಯಿ ಕಟ್ಟಿದ್ದರು.

ಕಾವಲಿನವನು ಒಳಗೆ ಬಿಡಲು ಒಪ್ಪಲಿಲ್ಲ. ಅವನದು ಅವನ ಕೆಲಸ. ನಮ್ಮ ಹಿಂದೆ ಸಾಲು ಬೆಳೆಯುತ್ತಿತ್ತು. ಮೈದಾನದಿಂದ ಬ್ಯಾಂಡಿನ ಸದ್ದು ಕೇಳಿಸುತ್ತಿತ್ತು. ಇವರು ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು.

"ಅವಳು ಬರ್ದಿದ್ದು ಸರಿಯಾಗೇ ಅದೆ ಬುಡು," ಎಂದರು. "ನೀನು ಹೋಗು. ನಾನು ಇಲ್ಲೇ ಕಾಯ್ತೀನಿ."

ಬೇಸರದಿಂದ ಹೇಳಿದ್ದಲ್ಲ. ತನ್ನ ಪಾಲಿಗೆ ಬಂದದ್ದನ್ನು ಒಪ್ಪಿಕೊಂಡು ಹೇಳಿದ್ದು. ಅದು ನನಗೆ ಹೆಚ್ಚು ನೋವಾಯಿತು. ವಿಮಾನದ ಬಾಗಿಲಲ್ಲಿ ಅವರನ್ನು ಬಿಟ್ಟು ಹೋಗಿದ್ದವಳು ಈ ಗೇಟಿನಲ್ಲಿ ಬಿಟ್ಟು ಹೋಗಲು ಒಪ್ಪಲಿಲ್ಲ. ನನಗೆ ಬರುವ ಹರಕು ಮುರುಕು ಹಿಂದಿಯಲ್ಲಿ, ಸಾಲಿನ ಎದುರಿಗೇ ನಿಂತು, ಮೇಲಿನವರನ್ನು ಕರೆಯಿರಿ, ಕರೆಯುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ ಎಂದೆ. ಕಾವಲಿನವನು ಪಕ್ಕಕ್ಕೆ ಬನ್ನಿ ಎಂದ. ಬರಲಿಲ್ಲ. ಹಿಂದಿದ್ದ ಒಬ್ಬರು ಪಂಜಾಬಿನ ಕಡೆಯ ಹೆಂಗಸು ನನ್ನ ಪರವಾಗಿ ಜೋರಾಗಿ ಏನೋ ಹೇಳಿದರು. ಕೊನೆಗೆ ಒಳಗಿನಿಂದ ಒಬ್ಬರು ಮಹಿಳಾ ಅಧಿಕಾರಿ ಬಂದರು. ಇವರ ಆಧಾರ್ ಕಾರ್ಡು ನೋಡಿದರು, ಮಗಳ ಹೆಸರಿನ ಮುಂದಿದ್ದ ತಂದೆಯ ಹೆಸರಿಗೆ ಹೋಲಿಸಿದರು. ಹೇಗೆ ಬಂದಿರಿ, ರೈಲಿನಲ್ಲಾ ಎಂದು ಕೇಳಿದರು. ಇವರು ನೆಟ್ಟಗೆ ನಿಂತು, "ವಿಮಾನದಲ್ಲಿ ಮೇಡಂ," ಎಂದರು. ಆ ಅಧಿಕಾರಿಗೆ ಅದರಲ್ಲಿ ವಿಶೇಷವೇನೂ ಕಂಡಿರಲಿಕ್ಕಿಲ್ಲ. ಪೆನ್ನು ತೆಗೆದು ನನ್ನ ಹೆಸರಿನ ಕೆಳಗೆ ಅವರ ಹೆಸರನ್ನು ಬರೆದು ರುಜು ಹಾಕಿದರು.

ಪೆರೇಡಿನಲ್ಲಿ ನೂರಾರು ಹುಡುಗಿಯರು, ಎಲ್ಲರದೂ ಒಂದೇ ಬಟ್ಟೆ, ಒಂದೇ ಹೆಜ್ಜೆ. ನನಗೆ ಮಗಳು ಸಿಗಲೇ ಇಲ್ಲ. ಇವರು ಮಾತ್ರ ಮೂರನೆಯ ಸಾಲಿನ ಎಡಗಡೆ ಎಂದು ಕೂಡಲೇ ತೋರಿಸಿದರು. ಅವಳು ಕೈ ಬೀಸುವ ರೀತಿಯೇ ಹಾಗೆ ಎಂದರು. ಮುಗಿದ ಮೇಲೆ ಮನೆಯವರನ್ನು ಮೈದಾನಕ್ಕೆ ಬಿಟ್ಟರು. ಅವಳು ಜನರ ನಡುವೆ ನನ್ನೊಬ್ಬಳನ್ನೇ ಹುಡುಕಿಕೊಂಡು ಬಂದಳು. ಹತ್ತಿರ ಬಂದ ಮೇಲೆ ನನ್ನ ಪಕ್ಕದಲ್ಲಿದ್ದವರನ್ನು ನೋಡಿದಳು. ಓಡುತ್ತಿದ್ದವಳು ನಡೆದಳು, ನಡೆಯುತ್ತಿದ್ದವಳು ನಿಂತಳು.

"ಅಪ್ಪ, ನೀನು ಯಾವಾಗ ಹೊರಟೆ?" ಎಂದಳು. ರೈಲಿನಲ್ಲಿ ನಾಲ್ಕು ದಿನದ ಹಿಂದೆಯೇ ಹೊರಟಿರಬೇಕು ಎಂದು ಅವಳ ಲೆಕ್ಕ.

"ಮೊನ್ನೆ ಮಧ್ಯಾಹ್ನ ಮೂರು ಗಂಟೆಗೆ ಕಣವ್ವ," ಎಂದರು ಅವರು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅಪ್ಪನ ಎದೆಗೆ ಹಣೆ ಒತ್ತಿ ನಿಂತಳು, ಟೋಪಿ ಕೆಳಗೆ ಬಿತ್ತು, ನಾನು ಎತ್ತಿ ಧೂಳು ಒರೆಸಿದೆ. ಪಟ್ಟಿಯಲ್ಲಿ ನಿನ್ನ ಹೆಸರು ಬರೆದಿರಲಿಲ್ಲ ಅಪ್ಪ ಎಂದು ಅವಳು ಅಳುತ್ತ ಹೇಳಿದಾಗ, ಅದು ಆಗಲೇ ಸರಿಯಾಯ್ತು ಎಂದು ಅವರು ಅವಳ ಬೆನ್ನು ಸವರಿದರು.

ವಾಪಸು ಬರುವಾಗ ವಿಮಾನದ ಬಾಗಿಲ ಹತ್ತಿರ ಅವರು ಮತ್ತೆ ನಿಂತರು. ಭಯ ಒಂದೇ ಸಲಕ್ಕೆ ಹೋಗುವಂಥದ್ದಲ್ಲ. ಆದರೆ ಈ ಸಲ ಜನರನ್ನು ಮುಂದೆ ಬಿಡದೆ, ಎರಡು ಉಸಿರು ಎಳೆದುಕೊಂಡು, ನನಗಿಂತ ಮೊದಲು ಅವರೇ ಒಳಗೆ ಹೋದರು.

ಮಗಳಿಗೆ ಮೊದಲ ಪೋಸ್ಟಿಂಗ್ ತ್ರಿಪುರಾದಲ್ಲಿ ಆಗಿದೆ. ಅಲ್ಲಿಗೆ ಎರಡು ವಿಮಾನ ಬದಲಾಯಿಸಬೇಕಂತೆ. ಅದನ್ನು ಕೇಳಿದ ದಿನ ನಮ್ಮನೆಯವರು ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮಾರನೆಯ ದಿನ ಡಿಪೋದಿಂದ ಬರುವಾಗ ರಜೆಯ ಅರ್ಜಿ ತಂದಿದ್ದರು. ಕಾರಣ ಎಂಬ ಕಡೆ ಏನು ಬರೆಯಲಿ ಎಂದು ಕೇಳಿದರು. ಮಗಳನ್ನು ನೋಡಲು ಎಂದು ಬರೆಯಿರಿ ಎಂದೆ. ಜಗಲಿಯ ಮೇಲೆ ಕೂತು, ತೊಡೆಯ ಮೇಲೆ ಪುಸ್ತಕವಿಟ್ಟು, ದುಂಡಗೆ ಅಷ್ಟನ್ನೇ ಬರೆದು ರುಜು ಹಾಕಿದರು.